ಸೀಮಂತಕ್ಕೆ ಹೊರಟ ಸ್ಟೇಷನ್ ವ್ಯಾಗನ್

ಎಪ್ಪತ್ತರ ದಶಕದಲ್ಲಿ ನಾನು ಅಮೆರಿಕದ ಡಿಯರ್‌ಬಾರ್ನಿನ ಒಂದು ಕಚೇರಿಯಲ್ಲಿ ಇಂಜಿನಿಯರ್ ಆಗಿದ್ದೆ. ಕಾರಿಗೆ ಸಂಬಂಧಪಟ್ಟ ಕೆಲಸ. ಇಷ್ಟು ಹೇಳಿದರೆ ಸಾಕು, ಕೇಳಿದವರು ನನಗೆ ಇಂಜಿನ್ನಿನ ಕರುಳು, ಪಿತ್ತಕೋಶವೆಲ್ಲ ಗೊತ್ತು ಅಂದುಕೊಂಡುಬಿಡುತ್ತಿದ್ದರು. ನಿಜವಾಗಿ ನನ್ನ ಪಾಲಿಗೆ ಬಂದದ್ದು ಬಾಗಿಲಿನ ಕಿಟಕಿ. ಹಿಡಿ ತಿರುಗಿಸಿದರೆ ಗಾಜು ಮೇಲೆ ಹೋಗಬೇಕು, ಹಿಂದಕ್ಕೆ ತಿರುಗಿಸಿದರೆ ಕೆಳಗೆ ಬರಬೇಕು, ನಡುವೆ ಕಿರುಗುಟ್ಟಬಾರದು. ವರ್ಷಗಟ್ಟಲೆ ನಾನು ಮಾಡಿದ್ದು ಇದನ್ನೇ. ಇಂಜಿನ್ನಿನವರು ಬೇರೆ ಕಟ್ಟಡದಲ್ಲಿದ್ದರು. ಅಲ್ಲಿಗೆ ನಾನು ಹೋದದ್ದು ಒಂದೇ ಸಲ, ಅದೂ ಅವರ ಕ್ಯಾಂಟೀನಿನಲ್ಲಿ ಟೊಮೇಟೊ ಸೂಪು ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದಕ್ಕೆ.

ಈ ಸಂಗತಿಯನ್ನು ನಾನು ಎಲ್ಲರಿಗೂ ಹೇಳುತ್ತಲೇ ಇದ್ದೆ. ಯಾರೂ ನಂಬುತ್ತಿರಲಿಲ್ಲ. ಹಬ್ಬಕ್ಕೆಂದು ನಾಲ್ಕು ಕನ್ನಡದ ಮನೆಯವರು ಸೇರಿದರೆ ಗಂಡಸರು ಕೋಸಂಬರಿ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರಾಗಿ ನನ್ನ ಹತ್ತಿರ ಬರುತ್ತಿದ್ದರು. "ನಮ್ ಕಾರು ಎಡಗಡೆ ಟರ್ನ್ ಮಾಡಿದ್ರೆ ಕುಂಯ್ ಅನ್ನತ್ತೆ, ಏನಿರಬಹುದು?" ನಾನು "ಕಿಟಕಿ ಸರಿಯಾಗಿದ್ಯಾ?" ಎಂದು ಕೇಳುತ್ತಿದ್ದೆ. ಅವರು ನಗುತ್ತಿದ್ದರು. ನಾನು ತುಂಬ ವಿನಯವಂತ ಎಂಬ ಹೆಸರು ಬಂದದ್ದು ಹೀಗೆ.

ಆಗ ನಮ್ಮಲ್ಲಿದ್ದದ್ದು ಒಂದು ಹಳೆಯ ಸ್ಟೇಷನ್ ವ್ಯಾಗನ್. ಎಂಟು ಸಿಲಿಂಡರ್, ಬದಿಗೆ ಮರದ ಹಲಗೆಯಂತೆ ಕಾಣುವ ಅಂಟುಕಾಗದ, ಹಿಂದೆ ಒಂದು ಸಂಸಾರ ಹಾಸಿಗೆ ಹಾಸಿ ಮಲಗುವಷ್ಟು ಜಾಗ. ಫ್ಲಾರಿಡಾಕ್ಕೆ ಹೊರಟಿದ್ದ ವಯಸ್ಸಾದ ದಂಪತಿಗಳಿಂದ ಕೊಂಡದ್ದು. ಅದರ ಏರ್‌ಕಂಡಿಷನರ್ ಮೊದಲೇ ಪ್ರಾಣ ಬಿಟ್ಟಿತ್ತು. ನನ್ನ ಹೆಂಡತಿ ಮೊದಲ ಸಲ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದನ್ನ ಓಡಿಸೋದಾ, ಇದರಲ್ಲಿ ವಾಸ ಮಾಡೋದಾ?" ಎಂದು ಕೇಳಿದಳು. ಪ್ಲಿಮತ್ತಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ದೊಡ್ಡ ದೊಡ್ಡ ಮರಗಳಿದ್ದವು. ನೆರಳಿರುತ್ತದೆಂದು ಅದನ್ನು ಅಲ್ಲೇ ನಿಲ್ಲಿಸುತ್ತಿದ್ದೆ.

ಒಂದು ವಸಂತದಲ್ಲಿ ಅದಕ್ಕೆ ತೊಂದರೆ ಶುರುವಾಯಿತು. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ತನ್ನಷ್ಟಕ್ಕೆ ತಾನು ಮೆಲ್ಲಗೆ ಓಡುತ್ತಿರಬೇಕಲ್ಲ, ಐಡ್ಲಿಂಗ್ ಅನ್ನುತ್ತಾರೆ, ಅದು ಕೆಟ್ಟಿತು. ಒಮ್ಮೆ ಜೋರಾಗಿ ಏರುವುದು, ಒಮ್ಮೆ ಕುಗ್ಗುವುದು, ಮತ್ತೆ ಏರುವುದು, ಇಡೀ ಕಾರು ಗಡಗಡ ನಡುಗಿ ಕೊನೆಗೆ ಆರಿಹೋಗುವುದು. ಹಿಂದಿನವರು ಹಾರ್ನ್ ಹೊಡೆಯುವರು. ಎಡಗಾಲನ್ನು ಬ್ರೇಕಿನ ಮೇಲೂ ಬಲಗಾಲನ್ನು ಆಕ್ಸಿಲರೇಟರಿನ ಮೇಲೂ ಇಟ್ಟು ಹಾರ್ಮೋನಿಯಂ ತುಳಿಯುವವನಂತೆ ಓಡಿಸುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ಹೆದ್ದಾರಿಗೆ ಬಿದ್ದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಸುಮ್ಮನೆ ಹೋಗುತ್ತಿತ್ತು.

ಮೈಸೂರಿನಿಂದ ನನ್ನ ಅತ್ತೆಯವರು ಬಂದದ್ದು ಆಗಲೇ. ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ಅವರ ಕಿರಿಯ ಮಗಳು ಷಿಕಾಗೋ ಹತ್ತಿರದ ಒಂದು ಊರಿನಲ್ಲಿದ್ದಳು. ಆಕೆಗೆ ಚೊಚ್ಚಲ ಬಸಿರು. ಅತ್ತೆ ಮೊದಲು ನಮ್ಮಲ್ಲಿ ಕೆಲವು ವಾರ ಇದ್ದು, ಆಮೇಲೆ ಸೀಮಂತಕ್ಕೆ ಹೋಗಿ, ಬಾಣಂತನಕ್ಕೆ ಅಲ್ಲೇ ನಿಲ್ಲುವುದೆಂದು ಏರ್ಪಾಡು. ವಿಮಾನ ನಿಲ್ದಾಣದಿಂದ ಬರುವಾಗಲೇ ಮೊದಲ ಸಿಗ್ನಲ್ಲಿನಲ್ಲಿ ಕಾರು ನಡುಗಿತು. ಅತ್ತೆ ಡ್ಯಾಷ್‌ಬೋರ್ಡನ್ನು ಹಿಡಿದುಕೊಂಡು, ತಡವಾಗಿ ಬಂದ ವಿದ್ಯಾರ್ಥಿನಿಯನ್ನು ನೋಡುವಂತೆ ಅದನ್ನೇ ನೋಡಿದರು.

"ಇದ್ಯಾಕೆ ಹೀಗೆ ನಡುಗ್ತಿದೆ?"

"ಸ್ವಲ್ಪ ಐಡ್ಲಿಂಗ್ ಪ್ರಾಬ್ಲಮ್ ಅತ್ತೆ."

"ನೀವು ಕಾರಿನ ಇಂಜಿನಿಯರಲ್ವೇ?"

"ನಾನು ಕಿಟಕಿ ಇಂಜಿನಿಯರ್."

ಅವರು ಕಿಟಕಿಯ ಹಿಡಿಯನ್ನು ತಿರುಗಿಸಿ ಗಾಜನ್ನು ಇಳಿಸಿದರು, ಏರಿಸಿದರು. "ಇದು ಚೆನ್ನಾಗಿದೆ," ಎಂದರು. ಆ ದೇಶದಲ್ಲಿ ನನ್ನ ಕೆಲಸವನ್ನು ಪರೀಕ್ಷೆ ಮಾಡಿ ಮೆಚ್ಚಿದ ಮೊದಲ ಬಂಧು ಅವರೇ.

ಅವರು ಬಂದ ಮೇಲೆ ನಾನು ಸುಮ್ಮನಿರುವಂತಿರಲಿಲ್ಲ. ಒಂದು ಶನಿವಾರ ಬಾನೆಟ್ ಎತ್ತಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಪಕ್ಕದಲ್ಲಿ ಒಂದು ಸ್ಕ್ರೂ ಇತ್ತು, ಅದನ್ನು ತಿರುಗಿಸಿದರೆ ಐಡ್ಲಿಂಗ್ ಹೆಚ್ಚುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ತಿರುಗಿಸಿದೆ. ಇಂಜಿನ್ ಆರುವುದು ನಿಂತಿತು. ಬದಲಿಗೆ ಕಾರು ನಿಲ್ಲುವುದೇ ನಿಂತಿತು. ಆಕ್ಸಿಲರೇಟರ್ ಮುಟ್ಟದಿದ್ದರೂ ಅದು ಮುಂದೆ ಮುಂದೆ ಹೋಗುತ್ತಿತ್ತು. ಸಿಗ್ನಲ್ಲಿನಲ್ಲಿ ಬ್ರೇಕಿನ ಮೇಲೆ ಎದ್ದು ನಿಲ್ಲಬೇಕು. ಅದಕ್ಕಿಂತ ವಿಚಿತ್ರ ಮರುದಿನ ನಡೆಯಿತು. ಅಂಗಡಿಯಿಂದ ಬಂದು ಕಾರು ನಿಲ್ಲಿಸಿ, ಕೀ ತೆಗೆದು ಅತ್ತೆಯವರ ಕೈಗೆ ಕೊಟ್ಟು, ನಾನು ಹಿಂದಿನಿಂದ ತರಕಾರಿ ಚೀಲ ಇಳಿಸುತ್ತಿದ್ದೆ. ಇಂಜಿನ್ ಇನ್ನೂ ಓಡುತ್ತಿತ್ತು. ಕೆಮ್ಮುತ್ತ, ಬಿಕ್ಕುತ್ತ, ಮೈ ಕುಲುಕಿಸುತ್ತ ಓಡುತ್ತಲೇ ಇತ್ತು. ಅತ್ತೆ ಕೈಯಲ್ಲಿದ್ದ ಕೀ ನೋಡಿದರು, ಕಾರನ್ನು ನೋಡಿದರು.

"ಕೀ ನನ್ನ ಕೈಲಿದೆ. ಒಳಗೆ ಯಾರಿದಾರೆ?"

ಕಾರು ಕೊನೆಯದಾಗಿ ಒಮ್ಮೆ ಡಬ್ ಎಂದು ಸದ್ದು ಮಾಡಿ ತಣ್ಣಗಾಯಿತು. ಪಕ್ಕದ ಅಪಾರ್ಟ್‌ಮೆಂಟಿನ ನಾಯಿ ಬೊಗಳತೊಡಗಿತು. ಅಂದು ಸಂಜೆ ದೇವರ ದೀಪ ಹಚ್ಚುವಾಗ ಅತ್ತೆ ಮಾಮೂಲಿಗಿಂತ ಹೆಚ್ಚು ಹೊತ್ತು ಕೈಮುಗಿದುಕೊಂಡಿದ್ದರು.

ದೀಪದ ವಿಷಯ ಬಂತು, ಇದನ್ನೂ ಹೇಳಬೇಕು. ಜೂನ್ ಬಂದರೆ ನಮ್ಮ ಹಿಂದಿನ ಆ ಮರಗಳಿಂದ ಬಿಳಿಯ ಹತ್ತಿ ಹಾರುತ್ತಿತ್ತು. ಕಾಟನ್‌ವುಡ್ ಎಂದೇ ಆ ಮರದ ಹೆಸರು. ಗಾಳಿಯಲ್ಲಿ ಹಿಮ ಬಿದ್ದಂತೆ ತೇಲಿ ಹುಲ್ಲಿನ ಮೇಲೆ, ಮೆಟ್ಟಿಲ ಮೇಲೆ, ಮೂಗಿನ ಒಳಗೆ ಎಲ್ಲ ಕಡೆ ತುಂಬುತ್ತಿತ್ತು. ಅತ್ತೆಗೆ ಪರಮಾನಂದ. "ಇಷ್ಟೊಂದು ಹತ್ತಿ ಪುಕ್ಕಟೆ ಹಾರಿಹೋಗ್ತಿದೆಯಲ್ಲ!" ಎಂದು ಒಂದು ಕಾಗದದ ಚೀಲದ ತುಂಬ ಹೆಕ್ಕಿ ತಂದು ಹೂಬತ್ತಿ ಮಾಡಲು ಕೂತರು. ಅದಕ್ಕೆ ಎಳೆಯೇ ಇಲ್ಲ. ಹೊಸೆದರೆ ಪುಡಿಯಾಗುತ್ತದೆ, ಹಚ್ಚಿದರೆ ಭಗ್ಗನೆ ಉರಿದು ಮಾಯವಾಗುತ್ತದೆ. "ನೋಡೋಕೆ ಮಾತ್ರ ಹತ್ತಿ," ಎಂದು ಚೀಲವನ್ನು ಕಸಕ್ಕೆ ಹಾಕಿದರು.

ಅದೇ ಜೂನಿನಲ್ಲಿ ಕಾರಿಗೆ ಎರಡನೆಯ ರೋಗ ಬಂತು. ಆಫೀಸಿನಿಂದ ಬರುವಾಗ ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಇಂಜಿನ್ ಕಾದಿದೆ ಎಂಬ ದೀಪ. ಬದಿಗೆ ನಿಲ್ಲಿಸಿ ಕಾದೆ, ಆರಿತು; ಹೊರಟೆ, ಮತ್ತೆ ಹತ್ತಿತು. ಮನೆಗೆ ಬರುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಸೀಮಂತಕ್ಕೆ ಇನ್ನೊಂದೇ ವಾರವಿತ್ತು.

ಫೋನ್ ಮಾಡಿ ನಮ್ಮ ಡಾಕ್ಟರ್ ಸ್ನೇಹಿತನನ್ನು ಕರೆದೆ. ಆತ ಧಾರವಾಡದ ಕಡೆಯವನು, ಡೆಟ್ರಾಯಿಟಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ಬ್ರಹ್ಮಚಾರಿ, ಊಟಕ್ಕೆ ಕರೆದರೆ ಇಲ್ಲವೆನ್ನುವವನಲ್ಲ. ಕಾರಿನ ಬಗ್ಗೆ ಅವನಿಗೂ ನನ್ನಷ್ಟೇ ಗೊತ್ತಿತ್ತು. ಆದರೆ ರೋಗ ಯಾರದೇ ಆಗಲಿ, ಪತ್ತೆ ಮಾಡುವ ವಿಧಾನ ಒಂದೇ ಎಂಬುದು ಅವನ ನಂಬಿಕೆ.

"ಹೇಳ್ರಿ, ಯಾವಾಗಿಂದ ಹಿಂಗ ಆಗೇದ?" ಎಂದು ಕಾರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ.

ನಾನು ಹೇಳಿದೆ. ಅತ್ತೆ ಬಿಟ್ಟುಹೋದದ್ದನ್ನು ಸೇರಿಸಿದರು: ನಡುಕ, ಕೆಮ್ಮು, ಕೀ ತೆಗೆದ ಮೇಲೂ ಬಿಕ್ಕಿದ್ದು, ಈಗ ಜ್ವರ.

"ನೀರು ಎಷ್ಟು ಕುಡೀತದ?"

"ಕುಡಿಯೋದಕ್ಕಿಂತ ಉಗುಳೋದೇ ಹೆಚ್ಚು," ಎಂದಳು ನನ್ನ ಹೆಂಡತಿ.

ಆತ ಗಂಭೀರವಾಗಿ ತಲೆಯಾಡಿಸಿದ. "ನೋಡ್ರಿ ಇಂಜಿನಿಯರ ಸಾಹೇಬ್ರ, ನಮಗ ಕಾಲೇಜಿನ್ಯಾಗ ಒಂದ ಮಾತು ತಲ್ಯಾಗ ಹೊಡದು ಹಾಕ್ಯಾರ. ಪೇಶಂಟ್ ಒಬ್ಬ, ರೋಗಾನೂ ಒಂದ. ಲಕ್ಷಣ ನೂರಿರಲಿ, ಮೂಲ ಒಂದ ಇರ್ತದ. ನಡುಗೂದೂ ಕಾಯೂದೂ ಎರಡಕ್ಕೂ ಒಂದ ಕಾರಣ ಹುಡುಕಬೇಕು."

ನನಗೂ ಅದು ತರ್ಕಬದ್ಧವಾಗಿಯೇ ಕಂಡಿತು. ನಾವಿಬ್ಬರೂ ಓದಿದವರು. ಒಂದೇ ಕಾರಣವೆಂದರೆ ಥರ್ಮೋಸ್ಟಾಟ್ ಎಂದು ತೀರ್ಮಾನಿಸಿದೆವು. ಇಂಜಿನ್ ಬಿಸಿಯಾದಾಗ ಬಾಯಿ ತೆರೆದು, ಗಾಳಿಯಲ್ಲಿ ತಣಿಯಲೆಂದು ನೀರನ್ನು ರೇಡಿಯೇಟರಿಗೆ ಬಿಡುವ ಸಣ್ಣ ಹಿತ್ತಾಳೆ ಕವಾಟ ಅದು. ಬಾಯಿ ತೆರೆಯದಿದ್ದರೆ ಇಂಜಿನ್ ಕಾಯುತ್ತದೆ. ಮಧ್ಯಾಹ್ನವೆಲ್ಲ ಹೆಣಗಿ ಅದನ್ನು ಬಿಚ್ಚಿದೆವು. ಅದು ಬಾಯಿ ತೆರೆಯುತ್ತದೋ ಇಲ್ಲವೋ ನೋಡಲು ಕುದಿಯುವ ನೀರಿಗೆ ಹಾಕಬೇಕು. ಕೈಗೆ ಸಿಕ್ಕಿದ್ದು ಹೆಂಡತಿಯ ಸಾರಿನ ಪಾತ್ರೆ. ಉಷ್ಣತೆ ಅಳೆಯಲು ಆಕೆ ಮೈಸೂರುಪಾಕಿನ ಪಾಕ ನೋಡಲೆಂದು ತಂದಿದ್ದ ಅಡಿಗೆ ಥರ್ಮಾಮೀಟರ್. ಒಲೆಯ ಮುಂದೆ ಒಬ್ಬ ಡಾಕ್ಟರೂ ಒಬ್ಬ ಇಂಜಿನಿಯರೂ ತಲೆಗೆ ತಲೆ ತಾಗಿಸಿ ಪಾತ್ರೆಯೊಳಗೆ ಇಣುಕುತ್ತಿರುವಾಗ ಅತ್ತೆ ಬಂದು ನಿಂತರು.

"ಏನದು? ಬೇಯ್ತಾ?"

"ಒಂದ ನಿಮಿಷ ಅಮ್ಮಾರ. ನೂರಾ ಎಂಬತ್ತಕ್ಕ ಬಾಯಿ ತೆಗೀಬೇಕು."

ಥರ್ಮಾಮೀಟರ್ ನೂರ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಥರ್ಮೋಸ್ಟಾಟ್ ಕಮಲ ಅರಳಿದಂತೆ ಚೆಂದವಾಗಿ ಬಾಯಿ ತೆರೆಯಿತು. ಅದಕ್ಕೆ ಯಾವ ರೋಗವೂ ಇರಲಿಲ್ಲ. ಹೆಂಡತಿ ಆ ಪಾತ್ರೆಯನ್ನು ಮತ್ತೆ ಅಡಿಗೆಮನೆಗೆ ಸೇರಿಸಲಿಲ್ಲ. ಕಾರಿನಲ್ಲೇ ಇಟ್ಟುಕೊಳ್ಳಿ, ನೀರು ಹೊಯ್ಯೋಕೆ ಆಗುತ್ತದೆ ಎಂದಳು. ಥರ್ಮೋಸ್ಟಾಟನ್ನು ವಾಪಸು ಹಾಕಿ, ರೇಡಿಯೇಟರಿನ ನೀರು ಬದಲಿಸಿ, ಮುಚ್ಚಳ ಹೊಸದು ತಂದು ಹಾಕಿದೆ. ಕೆಂಪು ದೀಪ ಮತ್ತೆ ಹತ್ತಿತು. ಕೊನೆಗೆ ಆಫೀಸಿನವರೊಬ್ಬರು ಒಂದು ಉಪಾಯ ಹೇಳಿಕೊಟ್ಟರು: ಕಾರಿನೊಳಗಿನ ಹೀಟರನ್ನು ಪೂರ್ತಿ ಹಾಕು, ಇಂಜಿನ್ನಿನ ಬಿಸಿಯನ್ನು ಅದು ಒಂದಷ್ಟು ಎಳೆದುಕೊಳ್ಳುತ್ತದೆ. ಹೌದು, ಎಳೆದುಕೊಳ್ಳುತ್ತಿತ್ತು. ಎಳೆದುಕೊಂಡು ನಮ್ಮ ಕಾಲ ಮೇಲೆ ಸುರಿಯುತ್ತಿತ್ತು.

ಸೀಮಂತ ಭಾನುವಾರ. ರಾಹುಕಾಲ ನಾಲ್ಕೂವರೆಗೆ ಶುರು, ಅದಕ್ಕೆ ಮುಂಚೆ ಆರತಿ ಆಗಿಬಿಡಬೇಕು ಎಂದು ಅತ್ತೆ ಕಿರಿಯ ಮಗಳಿಗೆ ಫೋನಿನಲ್ಲಿ ಆಜ್ಞೆ ಮಾಡಿದ್ದರು. ಶನಿವಾರ ಹೊರಡೋಣವೆಂದರೆ ಡಾಕ್ಟರನಿಗೆ ಡ್ಯೂಟಿ. ಅವನನ್ನು ಬಿಟ್ಟು ಆ ಕಾರಿನಲ್ಲಿ ಷಿಕಾಗೋಗೆ ಹೊರಡುವ ಧೈರ್ಯ ನನಗಿರಲಿಲ್ಲ. ಹೀಗಾಗಿ ಭಾನುವಾರ ಬೆಳಿಗ್ಗೆ ಬೇಗ ಹೊರಟೆವು. ಅತ್ತೆ ಹಸಿರು ಅಂಚಿನ ರೇಷ್ಮೆ ಸೀರೆಯಲ್ಲಿ ಮುಂದಿನ ಸೀಟಿನಲ್ಲಿ, ಹೆಂಡತಿ ಮತ್ತು ಡಾಕ್ಟರ್ ಹಿಂದೆ, ಅವರ ಹಿಂದೆ ಚಕ್ಕುಲಿ ಡಬ್ಬ, ಬಳೆಯ ಪೆಟ್ಟಿಗೆ, ಪುಳಿಯೋಗರೆ ಮತ್ತು ಸಾರಿನ ಪಾತ್ರೆ.

ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಒಳಗೆ ಹೀಟರ್. ನಾಲ್ಕೂ ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದೆವು. ನಾನು ಬಲ್ಲ ವಿದ್ಯೆ ಅಂದು ಉಪಯೋಗಕ್ಕೆ ಬಂದದ್ದು ಅಷ್ಟೇ. ಕಾಲಮಜೂ ದಾಟುವಾಗ ಅತ್ತೆ ಬೀಸಣಿಗೆಗೆಂದು ರೋಡ್ ಮ್ಯಾಪನ್ನು ಮಡಿಸಿಕೊಂಡರು. ಇಂಡಿಯಾನಾ ಬರುವ ಹೊತ್ತಿಗೆ ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಜೂನ್ ತಿಂಗಳಲ್ಲಿ ಹೀಟರ್ ಹಾಕ್ಕೊಂಡು ಹೋಗೋರು ಈ ದೇಶದಲ್ಲಿ ಬೇರೆ ಯಾರಾದ್ರೂ ಇದಾರಾ?" ಎಂದು ಕೇಳಿದರು.

"ಸೌನಾ ಅಂತ ಬಿಸಿ ಖೋಲಿ ಇರ್ತದ್ರಿ ಅಮ್ಮಾರ, ಜನ ರೊಕ್ಕ ಕೊಟ್ಟು ಕೂಡ್ತಾರ," ಎಂದು ಡಾಕ್ಟರ್ ಸಮಾಧಾನ ಹೇಳಿದ.

"ರೇಷ್ಮೆ ಸೀರೆ ಉಟ್ಕೊಂಡು ಕೂರ್ತಾರಾ?"

ಆತ ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ.

ಷಿಕಾಗೋ ಊರೊಳಗೆ ಬಂದ ಕೂಡಲೇ ಟ್ರಾಫಿಕ್ ಗಟ್ಟಿಯಾಯಿತು. ಎಲ್ಲ ಲೇನುಗಳೂ ನಿಂತವು. ನಡುಕ ಶುರುವಾಯಿತು, ಹಿಂದೆಯೇ ಕೆಂಪು ದೀಪ. ಹಬೆ ಎದ್ದು ಎದುರಿನ ಗಾಜು ಮಬ್ಬಾದಾಗ ಸಿಕ್ಕಿದ ಎಕ್ಸಿಟ್ ಹಿಡಿದು ಕೆಳಗಿಳಿದೆ. ಮೊದಲು ಸಿಕ್ಕಿದ ಅಗಲ ಜಾಗ ಒಂದು ಚರ್ಚಿನ ಪಾರ್ಕಿಂಗ್ ಲಾಟ್. ಪ್ರಾರ್ಥನೆ ಆಗಷ್ಟೇ ಮುಗಿದು, ಭಾನುವಾರದ ಬಟ್ಟೆ ತೊಟ್ಟ ಕರಿಯ ಜನರ ಸಂಸಾರಗಳು ಹೊರಗೆ ಬರುತ್ತಿದ್ದವು. ನಾವು ಪುಸ್ ಎನ್ನುತ್ತ ನಡುವೆ ಹೋಗಿ ನಿಂತೆವು.

ದೊಡ್ಡ ನೇರಳೆ ಹ್ಯಾಟು ಹಾಕಿಕೊಂಡಿದ್ದ ಒಬ್ಬ ಹಿರಿಯ ಹೆಂಗಸು ನೇರವಾಗಿ ಅತ್ತೆಯ ಬಾಗಿಲಿಗೆ ಬಂದರು. ಬೆವರಿ ಕೆಂಪಾಗಿದ್ದ ಅತ್ತೆಯನ್ನು ಕೈಹಿಡಿದು ಇಳಿಸಿ, ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಸಿ, ಐಸ್ ಹಾಕಿದ ನಿಂಬೆಹಣ್ಣಿನ ಪಾನಕ ತರಿಸಿದರು. ಕಾರಿನೊಳಗೆ ಕೈಯಿಟ್ಟು ನೋಡಿ, ಹೀಟರ್ ಯಾಕೆ ಹಾಕಿದ್ದೀರಿ ಎಂದು ನನ್ನನ್ನು ಕೇಳಿದರು. ನಾನು ಕಾರಣ ವಿವರಿಸಿದೆ. ಅವರು ಅತ್ತೆಗೆ ಇನ್ನೊಂದು ಲೋಟ ಪಾನಕ ಕೊಟ್ಟರು.

ಅತ್ತೆಯವರ ಇಂಗ್ಲಿಷ್ ಹೈಸ್ಕೂಲಿನ ವ್ಯಾಕರಣದ ಇಂಗ್ಲಿಷ್. ಇಬ್ಬರೂ ಸೀರೆ, ಹ್ಯಾಟು, ಮೊಮ್ಮಕ್ಕಳು ಎಂದು ಮಾತಿಗೆ ಕೂತರು. ಬಾನೆಟ್ಟಿನ ಕೆಳಗೆ ಬಗ್ಗಿದ್ದ ನಮ್ಮಿಬ್ಬರನ್ನು ತೋರಿಸಿ ಆ ಹೆಂಗಸು, ಇವರು ಮೆಕ್ಯಾನಿಕ್ಕುಗಳೇ ಎಂದು ಕೇಳಿದ್ದು ನನಗೆ ಕೇಳಿಸಿತು. ಅತ್ತೆ ಸ್ಪಷ್ಟವಾಗಿ, "ಒಬ್ಬರು ಡಾಕ್ಟರ್. ಇನ್ನೊಬ್ಬರು ಕಿಟಕಿ," ಎಂದರು.

ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿ ಸ್ಟಾರ್ಟ್ ಮಾಡಿದೆ. ಅದು ಎಂದಿನಂತೆ ಏರುತ್ತ ಇಳಿಯುತ್ತ ನಡುಗತೊಡಗಿತು. ಡಾಕ್ಟರ್ ಸ್ವಲ್ಪ ಹೊತ್ತು ಕಿವಿಯಿಟ್ಟು ಕೇಳಿದ.

"ಸಾಹೇಬ್ರ, ಒಂದ ಸುಸ್ಸ್ ಅನ್ನೂ ಸಪ್ಪಳ ಕೇಳಸ್ತದೇನ್ರಿ?"

"ಫ್ಯಾನ್ ಸದ್ದಲ್ವಾ?"

"ಅಲ್ರಿ. ಇದು ಆಸ್ತಮಾದವರ ಎದೀ ಸಪ್ಪಳ ಇದ್ದಂಗ ಅದ." ತನ್ನ ಕೈಚೀಲದಿಂದ ಸ್ಟೆತಸ್ಕೋಪ್ ತಂದ. ಎದೆಗೆ ಇಡುವ ಬಿಲ್ಲೆಯನ್ನು ಬಿಚ್ಚಿ ಬರೀ ಕೊಳವೆಯ ತುದಿಯನ್ನು ಇಂಜಿನ್ನಿನ ಮೇಲೆ ಅಲ್ಲಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ ಕೇಳತೊಡಗಿದ.

ಚರ್ಚಿನ ಜನ ಸುತ್ತ ಸೇರಿದರು. ಆ ದಾರಿಯಲ್ಲಿ ಬಂದ ಒಬ್ಬ ಪೊಲೀಸನೂ ಕಾರು ನಿಲ್ಲಿಸಿ ಇಳಿದು ಬಂದ. ರೋಗಿಯನ್ನೂ ವೈದ್ಯನನ್ನೂ ನೋಡಿ, ಸ್ವಲ್ಪ ಹೊತ್ತು ಟೋಪಿ ತೆಗೆದು ಹಿಡಿದುಕೊಂಡು ನಿಂತ. "ಉಳಿಯುತ್ತಾ?" ಎಂದು ನನ್ನನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದ. ಡಾಕ್ಟರ್ ಕಣ್ಣು ತೆರೆಯದೆ ಬೆರಳೆತ್ತಿ ಇಬ್ಬರನ್ನೂ ಸುಮ್ಮನಿರಿಸಿದ.

"ಇಲ್ಲೇ ಅದ!" ಎಂದು ಕೂಗಿದ. ಕಾರ್ಬ್ಯುರೇಟರಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಹೆಬ್ಬೆರಳು ಗಾತ್ರದ ರಬ್ಬರ್ ಕೊಳವೆಯೊಂದು ಸೀಳಿತ್ತು. ಇಂಜಿನ್ ಒಳಕ್ಕೆಳೆಯುವ ಗಾಳಿ ಕಾರ್ಬ್ಯುರೇಟರಿನ ಮೂಲಕ ಪೆಟ್ರೋಲಿನೊಂದಿಗೆ ಬೆರೆತು ಬರುವ ಬದಲು ಆ ಸೀಳಿನಿಂದ ಕದ್ದು ನುಗ್ಗುತ್ತಿತ್ತು. ಡಾಕ್ಟರ್ ಅದನ್ನು ಬೆರಳಿನಿಂದ ಅದುಮಿದ. ಅಷ್ಟೇ, ನಡುಕ ನಿಂತಿತು. ಬೆರಳು ತೆಗೆದ, ನಡುಗಿತು. ಅದುಮಿದ, ನಿಂತಿತು. ಜನ ಚಪ್ಪಾಳೆ ತಟ್ಟಿದರು. ಆತ ಆಸ್ಪತ್ರೆಯ ಅಂಟುಪಟ್ಟಿಯನ್ನು ಆ ಕೊಳವೆಗೆ ಮುರಿದ ಕೈಗೆ ಸುತ್ತುವಷ್ಟು ಜೋಪಾನವಾಗಿ ಸುತ್ತಿದ. ನಾನು ಆ ಶನಿವಾರ ತಿರುಗಿಸಿ ಕೆಡಿಸಿದ್ದ ಸ್ಕ್ರೂವನ್ನು ಮೊದಲಿದ್ದಲ್ಲಿಗೆ ತಂದೆ. ಇಂಜಿನ್ ಊಟವಾದ ಮೇಲೆ ಬೆಕ್ಕು ಗುರುಗುಟ್ಟುವಂತೆ ಗುರುಗುಟ್ಟಿತು. ಕೀ ತೆಗೆದೆ, ತಕ್ಷಣ ಆರಿತು.

"ಒಂದ ರೋಗ ಅಂತ ಹೇಳಿದ್ನಿಲ್ಲೋ?" ಎಂದ ಡಾಕ್ಟರ್. ಪೊಲೀಸ್ ಅವನ ಕೈ ಕುಲುಕಿ ಹೋದ. ನೇರಳೆ ಹ್ಯಾಟಿನವರು ಅತ್ತೆಯನ್ನು ಅಪ್ಪಿಕೊಂಡು ಬೀಳ್ಕೊಟ್ಟರು. ಹೀಟರನ್ನು ಆರಿಸಿ, ವಿಜಯಿಗಳಂತೆ ಹೊರಟೆವು.

ಎರಡನೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹತ್ತಿತು.

ಇಂಜಿನ್ ಅಷ್ಟೇ ನಯವಾಗಿ ಗುರುಗುಟ್ಟುತ್ತಲೇ ಬಿಸಿಯಾಗುತ್ತಿತ್ತು. ಬೇರೆ ದಾರಿ ಕಾಣದೆ ಸುತ್ತು ಹಾಕಿ ಅದೇ ಚರ್ಚಿಗೆ ವಾಪಸು ಬಂದೆ. ಅತ್ತೆಯ ಕುರ್ಚಿ ಇನ್ನೂ ಅಲ್ಲೇ ಇತ್ತು. ಅವರು ಹೋಗಿ ಅದರಲ್ಲಿ ಕೂತು ಕೈಗಡಿಯಾರ ನೋಡಿಕೊಂಡರು. ಹ್ಯಾಟಿನ ಹೆಂಗಸು ಪಾನಕದ ಹೂಜಿ ಹಿಡಿದು ಬಂದರು.

ಡಾಕ್ಟರ್ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. "ಎರಡು ರೋಗ ಅವ ಅಂತೀರೇನ್ರಿ?" ಎಂದು ನನ್ನನ್ನು ಕೇಳಿದ. ಆತನ ಕಾಲೇಜಿನ ಕಟ್ಟಡವೇ ಕುಸಿದಂತಿತ್ತು ಮುಖ.

ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚರ್ಚಿನ ಗೋಡೆಯ ನಲ್ಲಿಯಿಂದ ಸಾರಿನ ಪಾತ್ರೆಯಲ್ಲಿ ನೀರು ತಂದಳು. "ಮುಂದುಗಡೆಯಿಂದ ಹೊಯ್ದ್ರೆ ಬೇಗ ತಣ್ಣಗಾಗಬಹುದು," ಎಂದು ಕಾರಿನ ಮೂತಿಯ ಜಾಲರಿಗೆ ರಾಚಿದಳು. ನೀರು ಪೂರ್ತಿ ಹಿಂದಕ್ಕೆ ಹರಿದು ಅವಳ ಕಾಲ ಮೇಲೆ ಬಿತ್ತು. ಇನ್ನೊಂದು ಪಾತ್ರೆ ರಾಚಿದಳು. ಅದೂ ಅವಳ ಕಾಲ ಮೇಲೆ.

"ರೀ, ಬನ್ನಿ ಇಲ್ಲಿ. ಇದು ಜಾಲರಿ ತಾನೇ? ನೀರು ಆಚೆ ಕಡೆಗೆ ಹೋಗ್ಬೇಕಲ್ವಾ?"

"ಹೋಗ್ಬೇಕು."

"ಹೋಗ್ತಿಲ್ಲ. ನೀರೇ ಹೋಗ್ದಿದ್ರೆ ಗಾಳಿ ಹೇಗೆ ಹೋಗತ್ತೆ?"

ರೇಡಿಯೇಟರಿನ ಮುಂದೆ ಏರ್‌ಕಂಡಿಷನರಿನದು ಇನ್ನೊಂದು ಜಾಲರಿ ಇರುತ್ತದೆ. ಎರಡರ ನಡುವೆ ಒಂದು ಇಕ್ಕಟ್ಟಾದ ಸಂದಿ. ಮುಂದಿನಿಂದ ನೋಡಿದರೂ ಕಾಣದು, ಹಿಂದಿನಿಂದ ನೋಡಿದರೂ ಕಾಣದು. ಮೇಲಿನಿಂದ ಬಗ್ಗಿ ಬೆರಳು ತೂರಿಸಿದೆ. ಮೆತ್ತಗೆ ಏನೋ ತಾಗಿತು. ಇಲಿಯೇ ಸತ್ತಿದೆ ಅಂದುಕೊಂಡು ಕೈ ಹಿಂದಕ್ಕೆಳೆದೆ. ಉಗುರಿನಲ್ಲಿ ಬೂದು ಬಣ್ಣದ ಹತ್ತಿ ಸಿಕ್ಕಿಕೊಂಡಿತ್ತು.

ಹ್ಯಾಟಿನ ಹೆಂಗಸು ಒಳಗಿನಿಂದ ಕೋಟು ನೇತುಹಾಕುವ ತಂತಿಯ ಹ್ಯಾಂಗರ್ ತಂದುಕೊಟ್ಟರು. ಹೆಂಡತಿ ಅದನ್ನು ಬಿಚ್ಚಿ, ತುದಿ ಕೊಕ್ಕೆ ಮಾಡಿ, ಸಂದಿಗೆ ಇಳಿಬಿಟ್ಟು ಎಳೆದಳು. ಬಂತು. ಹಿಡಿಯಷ್ಟಲ್ಲ, ಮೊಳಗಟ್ಟಲೆ. ಧೂಳು, ಎಣ್ಣೆ, ಹುಳುಗಳೊಂದಿಗೆ ಒತ್ತಿ ಕಂಬಳಿಯಾಗಿದ್ದ ಹತ್ತಿ ಮಡಿಕೆ ಬಿಚ್ಚುತ್ತ ಹೊರಗೆ ಬಂತು. ವರ್ಷ ವರ್ಷವೂ ನಾನು ನೆರಳಿಗೆಂದು ನಿಲ್ಲಿಸಿದ್ದ ಮರದ ಕೆಳಗೆ ಕಾರು ಉಸಿರಾಡಿ ಉಸಿರಾಡಿ ತುಂಬಿಕೊಂಡದ್ದು ಅದು. ಅತ್ತೆ ಎದ್ದು ಬಂದು ಎರಡು ಬೆರಳಿನಲ್ಲಿ ಒಂದು ತುಂಡನ್ನು ಎತ್ತಿ ನೋಡಿದರು.

"ಇದು ನಮ್ಮ ಹಿತ್ತಲಿನ ಹತ್ತಿ!"

"ಹೌದಮ್ಮ," ಎಂದಳು ನನ್ನ ಹೆಂಡತಿ.

"ನಾನು ಒಂದು ಚೀಲ ಹೆಕ್ಕೋಕೆ ಸೊಂಟ ಬಗ್ಗಿಸಿದೆ. ಇದು ನಿಂತಲ್ಲೇ ಒಂದು ದಿಂಬಿಗಾಗೋಷ್ಟು ಹೆಕ್ಕಿದೆಯಲ್ಲೇ!"

ಡಾಕ್ಟರ್ ಹತ್ತಿಯನ್ನು ಬಹಳ ಹೊತ್ತು ಪರೀಕ್ಷಿಸಿದ. ಆಮೇಲೆ ಎದೆ ಮುಟ್ಟಿಕೊಂಡು, "ಇದೂ ಉಸಿರಿನ ರೋಗಾನ ರೀ! ಅದು ಒಳಗಿನ ಉಸಿರು, ಇದು ಹೊರಗಿನ ಉಸಿರು. ಮೂಲ ಒಂದ ಆತು, ಹೌದಿಲ್ಲೋ?" ಎಂದ.

"ಹೌದು ಡಾಕ್ಟ್ರೇ, ನೀವೇ ಗೆದ್ರಿ. ಈಗ ಕಾರು ಹತ್ತಿ," ಎಂದಳು ಹೆಂಡತಿ.

ಚರ್ಚಿನ ನಲ್ಲಿಗೆ ಪೈಪು ಹಾಕಿ ಸಂದಿಯನ್ನು ತೊಳೆದೆವು. ನೀರು ಈ ಕಡೆ ಹೊಯ್ದರೆ ಆ ಕಡೆ ಧಾರಾಳವಾಗಿ ಸೋರಿತು. ಅತ್ತೆ ಒಂದು ಡಬ್ಬ ಚಕ್ಕುಲಿಯನ್ನು ಆ ಹೆಂಗಸಿನ ಕೈಯಲ್ಲಿಟ್ಟು, ಹೇಗೆ ಮುರಿದು ತಿನ್ನಬೇಕೆಂದು ತೋರಿಸಿದರು. ಈ ಸಲ ಯಾರೂ ನಮ್ಮನ್ನು ಬೀಳ್ಕೊಡಲಿಲ್ಲ; ವಾಪಸು ಬಂದರೆ ಇರಲಿ ಎಂದು ಕುರ್ಚಿಯನ್ನು ಹಾಗೇ ಬಿಟ್ಟರು.

ಕೆಂಪು ದೀಪ ಮತ್ತೆ ಹತ್ತಲಿಲ್ಲ. ಆದರೆ ಅತ್ತೆಯ ಕೈಗಡಿಯಾರದಲ್ಲಿ ರಾಹುಕಾಲ ಶುರುವಾಗಿತ್ತು. ಅವರು ಕಿಟಕಿಯಾಚೆ ನೋಡುತ್ತ, ಮೊದಲ ಮೊಮ್ಮಗುವಿನ ಸೀಮಂತದ ಆರತಿ ತಪ್ಪಿಹೋಯಿತೆಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅದನ್ನು ನೋಡಲಾಗಲಿಲ್ಲ.

"ಅತ್ತೆ, ಷಿಕಾಗೋ ಟೈಮು ನಮಗಿಂತ ಒಂದು ಗಂಟೆ ಹಿಂದೆ. ಇಲ್ಲಿ ಈಗಿನ್ನೂ ಮೂರೂ ಮುಕ್ಕಾಲು."

ಅವರು ನನ್ನನ್ನು ಅನುಮಾನದಿಂದ ನೋಡಿದರು. "ಮುಳ್ಳು ಹಿಂದಕ್ಕೆ ತಿರುಗಿಸಿದ್ರೆ ರಾಹು ಹಿಂದಕ್ಕೆ ಹೋಗ್ತಾನಾ?"

"ಅವನೂ ಇಲ್ಲಿ ಬಂದ ಮ್ಯಾಲೆ ಇಲ್ಲೀ ಟೈಮಿಗೇ ಡ್ಯೂಟಿ ಮಾಡಬೇಕಲ್ರಿ ಅಮ್ಮಾರ," ಎಂದ ಡಾಕ್ಟರ್. "ನಾವೆಲ್ಲಾ ಹಂಗ ಮಾಡ್ತೇವಿಲ್ಲೋ?"

ಅತ್ತೆ ಸ್ವಲ್ಪ ಯೋಚಿಸಿದರು. ಡಾಕ್ಟರ್ ಹೇಳಿದ್ದರಿಂದ ನಂಬಿದರು. ಕಿಟಕಿ ಹೇಳಿದ್ದಿದ್ದರೆ ನಂಬುತ್ತಿರಲಿಲ್ಲ. ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿಕೊಂಡು, ಬೈತಲೆ ಸರಿಮಾಡಿಕೊಂಡು, "ಬೇಗ ಓಡಿಸಿ," ಎಂದರು.

ಆರತಿ ಹೊತ್ತಿಗೆ ಸರಿಯಾಗಿ ಆಯಿತು. ನಾದಿನಿ ಹಸೆಯ ಮೇಲೆ ಕೂತಿದ್ದಳು. ಬಳೆ ತೊಡಿಸಿದ ನನ್ನ ಹೆಂಡತಿಯ ಉಗುರಿನಲ್ಲಿ ಕಪ್ಪು ಎಣ್ಣೆ ಹಾಗೇ ಇತ್ತು, ಅಕ್ಷತೆಯಲ್ಲಿ ಹತ್ತಿಯ ಚೂರು ಸೇರಿಕೊಂಡಿತ್ತು. ಅತ್ತೆ ಬಂದವರಿಗೆಲ್ಲ ದಾರಿಯ ಕಥೆ ಹೇಳಿದರು. ಅವರು ಹೇಳುವಾಗ ಸ್ಟೆತಸ್ಕೋಪು, ಪೊಲೀಸು, ಚಪ್ಪಾಳೆ ಎಲ್ಲ ಸರಿಯಾಗಿಯೇ ಬಂತು. ಆದರೆ ಹತ್ತಿಯನ್ನು ಕಂಡುಹಿಡಿದದ್ದು ತಾವೇ ಎಂದಾಗಿತ್ತು. ಹೆಂಡತಿ ನನ್ನ ಕಡೆ ನೋಡಿ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದಳು.

ಕಥೆ ಮುಗಿಯುವಷ್ಟರಲ್ಲಿ ಗಂಡಸರು ಏಳತೊಡಗಿದರು. "ಡಾಕ್ಟ್ರೇ, ನಮ್ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟಕಟಕ ಅನ್ನತ್ತೆ, ಸ್ವಲ್ಪ ನೋಡ್ತೀರಾ?" ಆತ ಸಂಕೋಚದಿಂದ ಇಲ್ಲ ಇಲ್ಲ ಎನ್ನುತ್ತಲೇ ಸ್ಟೆತಸ್ಕೋಪು ಕೈಗೆತ್ತಿಕೊಂಡ. ಮನೆಯ ಮುಂದೆ ಸಾಲಾಗಿ ನಿಂತ ಕಾರುಗಳ ಬಾನೆಟ್ಟುಗಳು ಒಂದೊಂದಾಗಿ ಎದ್ದವು. ಆತ ಒಂದೊಂದರ ಎದೆ ಪರೀಕ್ಷಿಸುತ್ತ ಹೋದ. ಜೊತೆಗೆ ನಾನು ಅಂಟುಪಟ್ಟಿ ಹಿಡಿದುಕೊಂಡು ಕಾಂಪೌಂಡರನಂತೆ ನಡೆದೆ. ಒಂದು ಕಾರಿನ ಹಿಂದಿನ ಕಿಟಕಿ ಅರ್ಧಕ್ಕೆ ಸಿಕ್ಕಿಕೊಂಡಿದೆ, ಅದು ಇರಲಿ ಬಿಡಿ, ಇಂಜಿನ್ ನೋಡಿ ಸಾಕು ಎಂದು ಅದರ ಯಜಮಾನರು ಅಂದರು. ನಾನು ಬಿಡಲಿಲ್ಲ. ಬಾಗಿಲಿನ ಒಳಹಲಗೆ ಬಿಚ್ಚಿ, ಜಾರಿದ್ದ ಹಲ್ಲಿನ ಚಕ್ರವನ್ನು ಕೂರಿಸಿ, ಗಾಜು ಮೇಲಿನಿಂದ ಕೆಳಗಿನವರೆಗೆ ಸದ್ದಿಲ್ಲದೆ ಇಳಿದು ಏರುವಂತೆ ಮಾಡಿದೆ. ಸುತ್ತ ನೋಡಿದರೆ ಯಾರೂ ಇರಲಿಲ್ಲ; ಎಲ್ಲರೂ ಡಾಕ್ಟರನ ಹಿಂದೆ ಮುಂದಿನ ಕಾರಿಗೆ ಹೋಗಿದ್ದರು.

ಹೆಂಡತಿ ಬಾಗಿಲಿಗೆ ಬಂದು, ಎಲೆ ಹಾಕಿ ಎಷ್ಟು ಹೊತ್ತಾಯಿತು, ಹೋಳಿಗೆ ಮುಗಿದುಹೋಗುತ್ತದೆ ಎಂದು ಕೂಗಿದಳು. ಹೋಳಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಡಾಕ್ಟರ್ ಪರೀಕ್ಷೆಯನ್ನು ಅಲ್ಲೇ ಬಿಟ್ಟು, ಕತ್ತಿನಲ್ಲಿ ಸ್ಟೆತಸ್ಕೋಪು ತೂಗಾಡಿಸಿಕೊಂಡು ಒಳಗೆ ಓಡಿದ. ಟಕಟಕ ಎನ್ನುವ ಕಾರಿನವರು ಬಾನೆಟ್ ಹಿಡಿದುಕೊಂಡೇ ನಿಂತಿದ್ದರು. ನಾನು ಅವರಿಗೆ ಬಾನೆಟ್ ಮುಚ್ಚಲು ಕೈಜೋಡಿಸಿ, ಇಬ್ಬರೂ ಒಟ್ಟಿಗೇ ಊಟಕ್ಕೆ ಹೋದೆವು.